ಎಂಟು ಸಿಲಿಂಡರಿಗೆ ಒಂದು ರಾಂಗ್ ನಂಬರ್

ಮೊದಲೇ ಹೇಳಿಬಿಡ್ತೀನಿ, ನನಗೆ ಕಾರಿನ ವಿಷಯ ಒಂದಿಷ್ಟೂ ಗೊತ್ತಿಲ್ಲ. ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ, ನಡುವೆ ಸಿಡುಕೋ ಡ್ರೈವರ್ ಒಬ್ಬ, ಅಷ್ಟೇ ನನ್ನ ಜ್ಞಾನ. ನಾನು ಹೇಳೋಕೆ ಹೊರಟಿರೋದು ನನ್ನ ತಮ್ಮನ ಕಥೆ. ಆದರೆ ಅವನ ಕಥೆಗೆ ಆ ಕಾರು ಅಡ್ಡ ಬಂದೇ ಬರುತ್ತೆ, ಯಾಕಂದ್ರೆ ಹದಿನಾಲ್ಕು ತಿಂಗಳು ಅದು ನಮ್ಮ ಹಿತ್ತಲ ಬಾಗಿಲಿಗೇ ಅಡ್ಡ ನಿಂತಿತ್ತು. ಶೆಡ್ಡು ಚಿಕ್ಕದು, ಕಾರು ಉದ್ದ. ಬಟ್ಟೆ ಒಣಹಾಕೋಕೆ ಮಾಳಿಗೆ ಮೆಟ್ಟಿಲಿಗೆ ನಾನು ದಿನಾ ಅದರ ಮೂತಿ ಸುತ್ತಿಕೊಂಡು ಹೋಗ್ಬೇಕಿತ್ತು.

ನಮ್ಮಿಬ್ಬರಿಗೂ ಮದುವೆ ಆಗಲಿಲ್ಲ. ನನಗೆ ಗಂಡು ಹುಡುಕೋದ್ರಲ್ಲಿ ತಮ್ಮನಿಗೆ ವಯಸ್ಸಾಯ್ತು, ತಮ್ಮನಿಗೆ ಹೆಣ್ಣು ಹುಡುಕೋದ್ರಲ್ಲಿ ಅಪ್ಪನಿಗೆ ವಯಸ್ಸಾಯ್ತು. ಆಮೇಲೆ ಯಾರೂ ಯಾರಿಗೂ ಹುಡುಕೋ ಗೋಜಿಗೆ ಹೋಗಲಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ಜಗಳ ಅಂತ ಆರಾಮಾಗಿ ಇದ್ದುಬಿಟ್ವಿ. ನಾನು ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಹಾಗಾಗಿ ಬೈಯೋ ಹಕ್ಕು ನಂದು, ಕೇಳಿಸ್ಕೊಂಡೂ ಕೇಳಿಸದ ಹಾಗೆ ಇರೋ ಹಕ್ಕು ಅವನದು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ಮೂರು ವರ್ಷ ಕೆಲಸ ಮಾಡಿದೆ. ಕಿವಿಗೆ ಹೆಡ್‌ಫೋನು, ಎದುರಿಗೆ ಗೋಡೆಯಷ್ಟು ದೊಡ್ಡ ಬೋರ್ಡು, ಬೋರ್ಡಿನ ತುಂಬ ನಂಬರ್ ಬರೆದ ತೂತುಗಳು. ಆ ಕಡೆಯವರು ನಂಬರ್ ಹೇಳ್ತಿದ್ದ ಹಾಗೇ ವೈರಿನ ತುದಿ ಹಿಡಿದು ಆ ತೂತಿಗೆ ಸಿಕ್ಕಿಸೋದು. ಆಮೇಲೆ ಬೋರ್ಡು ಹೋಗಿ ಕಂಪ್ಯೂಟರ್ ಬಂತು, ನನ್ನನ್ನ ವಿಚಾರಣೆ ಮೇಜಿಗೆ ಹಾಕಿದ್ರು. ಅಲ್ಲಿ ದಿನವಿಡೀ ನಂಬರ್ ಓದಿ ಹೇಳೋದೇ ಕೆಲಸ. ಈ ಮೂವತ್ಮೂರು ವರ್ಷದಲ್ಲಿ ಒಂದು, ಒಂದೇ ಒಂದು ರಾಂಗ್ ನಂಬರ್ ಕೊಟ್ಟೋಳಲ್ಲ ನಾನು. ಇದನ್ನ ಜಂಭ ಅಂತ ಅಂದ್ಕೊಂಡ್ರೆ ಅಂದ್ಕೊಳ್ಳಿ. ಜಂಭನೇ.

ನನ್ನ ತಮ್ಮ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ಇನ್ನೂರು ಮಗ್ಗ ಒಟ್ಟಿಗೆ ಓಡೋ ಶೆಡ್ಡು ಅದು, ಒಳಗೆ ಹೋದ್ರೆ ನಮ್ಮ ಕೆಮ್ಮು ನಮಗೇ ಕೇಳ್ಸಲ್ಲ. ಅಂಥ ಗದ್ದಲದಲ್ಲಿ ಇವನು ಮೊಳದುದ್ದದ ಸ್ಕ್ರೂಡ್ರೈವರ್ ಹಿಡ್ಕೊಂಡು ಓಡಾಡ್ತಿದ್ದ. ತುದಿ ಮಿಷಿನ್ನಿಗೆ, ಹಿಡಿ ಕಿವಿಗೆ. ಕಣ್ಣು ಮುಚ್ಚಿ ಅರ್ಧ ನಿಮಿಷ ನಿಂತು, “ಎಡಗಡೆ ಬೇರಿಂಗು, ಇನ್ನು ಮೂರು ದಿನ” ಅಂತಿದ್ದ. ಸರಿಯಾಗಿ ಮೂರನೇ ದಿನ ಅದು ಕಿತ್ತು ಬರ್ತಿತ್ತು. ಮಿಲ್ಲಿನವರು ಅವನ ಹೆಸರು ಮರೆತು ಡಾಕ್ಟ್ರು ಅಂತಲೇ ಕರೀತಿದ್ರು. ಅವನ ಹೊಟ್ಟೆ ತುಂಬಿಸಿದ್ದೂ ಆ ಕಿವಿನೇ, ಆ ಕಿವಿನ ತಿಂದು ಹಾಕಿದ್ದೂ ಆ ಮಗ್ಗಗಳೇ. ಅದು ನಮಗೆ ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು.

ಕಥೆಗೆ ಮುಂಚೆ ಇನ್ನೊಂದು ಸಣ್ಣ ವಿಷಯ ಹೇಳ್ಬೇಕು. ಸಣ್ಣದು ಅಂತ ಬಿಟ್ಟುಬಿಟ್ರೆ ಆಮೇಲೆ ನನ್ನನ್ನೇ ಬೈತೀರಿ.

ಅವನ ಅರವತ್ತಕ್ಕೆ ಸರಿಯಾಗಿ ಮಿಲ್ಲು ಮುಚ್ಚಿತು. ಕೊನೇ ದಿನ ಮ್ಯಾನೇಜರು ಮೈಕ್ ಹಿಡಿದು ‘ಅವರು ಬಂದರು, ಅವರು ದುಡಿದರು, ಅವರಂಥವರು ಸಿಗೋದಿಲ್ಲ’ ಅಂತ ಮಾತಿಗೊಂದು ಬಹುವಚನ ಹಾಕಿ ಹೊಗಳಿದ್ರಂತೆ. ಮಾರನೇ ದಿನ ಬೆಳಿಗ್ಗೆ ನಾನು ಎಂದಿನ ಹಾಗೆ ಲೋಟ ಹಿಡ್ಕೊಂಡು ಹೋಗಿ, “ಏಳೋ, ಆರುತ್ತೆ” ಅಂದೆ. ಐವತ್ತು ವರ್ಷದಿಂದ ಕಾಫಿ ಕೊಡುವಾಗ ನಾನು ಹೇಳೋದು ಅಷ್ಟೇ. ಅವನು ಎದ್ದು ಕೂತು ಮುಖ ಸಣ್ಣ ಮಾಡ್ಕೊಂಡ.

“ಅಕ್ಕ, ಊರಿಗೆಲ್ಲ ನಾನು ‘ಅವರು’ ಆದೆ. ನಿನಗೆ ಇನ್ನೂ ಏಳೋ, ಬಾರೋ, ತಿನ್ನೋನಾ?”

“ನೋಡು, ನಿನಗೆ ಬಹುವಚನ ಕೊಡೋಕೆ ನನ್ನ ನಾಲಿಗೆ ಹೊರಳೋದಿಲ್ಲ. ಅಷ್ಟು ಆಸೆ ಇದ್ರೆ ‘ಓ’ಕಾರ ಬಿಡ್ತೀನಿ.”

“ಅದೇ ಸಾಕು,” ಅಂದ. ಅವತ್ತಿಂದ ಏಳೋ ಹೋಗಿ ಏಳು ಆಯ್ತು, ಬಾರೋ ಹೋಗಿ ಬಾ ಆಯ್ತು. ಅವನೂ ಒಂದು ವಾರ ಮೀಸೆ ತಿರುವಿಕೊಂಡು ಓಡಾಡಿದ. ಆ ಒಂದು ‘ಓ’ ಬಿಟ್ಟಿದ್ದಕ್ಕೆ ನಾವು ಎಷ್ಟು ಅನುಭವಿಸಿದ್ವಿ ಅಂತ ಮುಂದೆ ಹೇಳ್ತೀನಿ.

ಅವನಿಗೆ ಅರವತ್ತೆರಡು ತುಂಬಿದಾಗ ನಮ್ಮ ಮನೇಲಿ ವಿಚಿತ್ರ ಮಾತುಕತೆ ಶುರುವಾಯ್ತು. ಅಕ್ಕಿ ಖಾಲಿ ಅಂದ್ರೆ “ಯಾಕೆ ಅಕ್ಕ, ಏನು ಬೇಸರ?” ಅಂತಿದ್ದ. ಬಕೆಟ್ ತುಂಬಿದೆ ನಲ್ಲಿ ನಿಲ್ಲಿಸು ಅಂದ್ರೆ “ಯಾರನ್ನ ನಿಲ್ಲಿಸಲಿ?” ಅಂತ ಬಾಗಿಲಿಗೆ ಹೋಗಿ ನೋಡ್ತಿದ್ದ. ಮೊದಲು ನಕ್ಕೆ, ಆಮೇಲೆ ರೇಗಿದೆ, ಕೊನೆಗೆ ಕೈ ಹಿಡ್ಕೊಂಡು ಕಿವಿ ಡಾಕ್ಟರಮ್ಮನ ಹತ್ರ ಎಳ್ಕೊಂಡು ಹೋದೆ. ಗಾಜಿನ ಗೂಡಿನಲ್ಲಿ ಕೂರಿಸಿ ಏನೇನೋ ಸದ್ದು ಕೇಳಿಸಿ, ಒಂದು ಕಾಗದದ ಮೇಲೆ ಗೆರೆ ಎಳೆದ್ರು. ಗೆರೆ ಮೆಟ್ಟಿಲಿಳಿದ ಹಾಗೆ ಇಳೀತಿತ್ತು.

“ಬಲಗಿವಿ ಮುಗಿದಿದೆ,” ಅಂದ್ರು ಡಾಕ್ಟರಮ್ಮ. “ಎಡಗಿವಿ ಇನ್ನೊಂದು ವರ್ಷ, ಹೆಚ್ಚಂದ್ರೆ ಒಂದೂವರೆ. ಸಣ್ಣ ಸದ್ದು ಮೊದಲು ಹೋಗುತ್ತೆ. ಮಾತಿನ ತಲೆ ಕೇಳ್ಸುತ್ತೆ, ಬಾಲ ಕೇಳ್ಸೋದಿಲ್ಲ. ದಪ್ಪ ಸದ್ದು ಸ್ವಲ್ಪ ಹೆಚ್ಚು ದಿನ ಉಳಿಯುತ್ತೆ.” ಕಿವಿಗೆ ಹಾಕೋ ಮಿಷಿನ್ನೂ ಕೊಟ್ರು. ಅದನ್ನ ಹಾಕ್ಕೊಂಡ್ರೆ ಚಮಚ ಬಿದ್ದಿದ್ದೂ ಬಾಗಿಲು ಬಡಿದಿದ್ದೂ ಒಂದೇ ಥರ ಕೇಳುತ್ತೆ ಅಂತ ಅವನು ಅದನ್ನ ಡ್ರಾಯರಿನಲ್ಲಿ ಇಟ್ಟ.

ಆ ವಾರವೇ ಮಿಲ್ಲಿನ ಕಾವಲುಗಾರ ಫೋನ್ ಮಾಡಿದ್ದು. ಹಿಂದಿನ ಗೋದಾಮು ಒಡೀತಿದ್ದಾರೆ, ಹಳೇ ಧಣಿಯ ಕಾರು ಅಲ್ಲೇ ಬಿದ್ದಿದೆ, ನಾಳೆ ಗುಜರಿಯವನು ಬರ್ತಾನೆ, ಡಾಕ್ಟ್ರಿಗೆ ಬೇಕಾ ಅಂತ. ಚಪ್ಪಲಿ ಕೂಡ ಹಾಕದೆ ಓಡಿದ ನನ್ನ ತಮ್ಮ. ಮಧ್ಯಾಹ್ನ ಅವನ ಫೋನು. “ಅಕ್ಕ, ಗೇಟು ತೆಗೆದಿಡು. ಮಸಲ್ ಕಾರ್ ತರ್ತಿದ್ದೀನಿ.”

ಮಸಲ್ ಕಾರ್ ಅಂದ್ರೆ ದೈತ್ಯ ಇಂಜಿನ್ನಿನ ಫಾರಿನ್ ಕಾರು ಅಂತ ಆಮೇಲೆ ಗೊತ್ತಾಯ್ತು, ಆಗ ನನಗೆ ಕೇಳಿಸಿದ್ದು ‘ಮೊಸಳೆ ಕಾರ್’ ಅಂತ. ಕಿವಿ ಹೋಗ್ತಿರೋದು ಅವನದೋ ನಂದೋ ಅಂತ ಅನುಮಾನ ಬಂತು. ಲಾರಿಯಿಂದ ಅದನ್ನ ಇಳಿಸಿದಾಗ ನೋಡಿದ್ರೆ ನನಗೆ ಕೇಳಿಸಿದ್ದೇ ಸರಿ. ಎರಡೇ ಬಾಗಿಲು, ಮೈಲುದ್ದ ಮೂತಿ, ಚಕ್ರದಲ್ಲಿ ಗಾಳಿ ಇಲ್ಲದೆ ಹೊಟ್ಟೆ ನೆಲಕ್ಕೆ ಹತ್ತಿತ್ತು. ಮೈಯೆಲ್ಲ ಹುರುಪೆ ಎದ್ದ ಬಣ್ಣ. ಮುಂದಿನ ಮುಚ್ಚಳ ಎತ್ತಿದ್ರೆ ಬಾಯಿ ತೆರೆದ ಹಾಗೆ, ಒಳಗೆ ಇಲಿ ಸಂಸಾರ. ಅವತ್ತಿಂದ ಅದರ ಹೆಸರು ಮೊಸಳೆ.

“ಇಪ್ಪತ್ತೆರಡು ವರ್ಷ ಕೊಳೆತಿರೋದನ್ನ ತಂದು ನನ್ನ ಬಟ್ಟೆ ಹಗ್ಗದ ಕೆಳಗೆ ನಿಲ್ಲಿಸಿದೀಯಲ್ಲ, ನಿನಗೆ ತಲೆ ಕೆಟ್ಟಿದೆಯಾ?” ಅಂದೆ.

ಅವನು ಅದರ ಮೂತಿ ಸವರ್ತಾ ಹೇಳಿದ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಧಣಿಯ ಕಾರು ಮಿಲ್ಲಿನ ಅಂಗಳದಲ್ಲಿ ನಿಂತುಹೋಯ್ತಂತೆ. ಯಾರ ಕೈಲೂ ಆಗದೆ ಇವನನ್ನ ಕರೆದ್ರು. ಸ್ಕ್ರೂಡ್ರೈವರ್ ಕಿವಿಗಿಟ್ಟು ಹತ್ತು ನಿಮಿಷದಲ್ಲಿ ಸರಿ ಮಾಡಿದ. ಖುಷಿಯಾಗಿ ಧಣಿ ಅವನನ್ನ ಪಕ್ಕದಲ್ಲಿ ಕೂರಿಸಿಕೊಂಡು ಸೇತುವೆವರೆಗೂ ಹೋಗಿ ಬಂದ್ರು. “ಎಂಟು ಸಿಲಿಂಡರು ಅಕ್ಕ. ನಿಂತಾಗ ಗುಡು ಗುಡು ಗುಡು ಅನ್ನುತ್ತೆ. ಎದೆ ಒಳಗೆ ಯಾರೋ ಮೆಟ್ಟಿಲು ಹತ್ತಿದ ಹಾಗೆ. ಅದಾದ ಮೇಲೆ ದಿನಾ ಬೆಳಿಗ್ಗೆ ಅದು ಗೇಟಿಗೆ ಬಂದಾಗ, ಇನ್ನೂರು ಮಗ್ಗದ ನಡುವೆಯೂ ನನಗೆ ಗೊತ್ತಾಗ್ತಿತ್ತು.” ಬಾಯಲ್ಲೇ ಗುಡು ಗುಡು ಅಂತ ಮಾಡಿ ತೋರಿಸಿದ. ಆಮೇಲೆ ನನ್ನ ಮುಖ ನೋಡದೆ ಅಂದ, “ಕಿವಿ ಮುಚ್ಚೋಕೆ ಮುಂಚೆ ಒಂದು ಸಲ ಅದನ್ನ ಕೇಳ್ಬೇಕು. ಇನ್ನೇನೂ ಬೇಡ ನನಗೆ.”

ಇಷ್ಟು ಹೇಳಿದ ಮೇಲೆ ಬಟ್ಟೆ ಹಗ್ಗದ ಜಗಳ ಎಲ್ಲಿಂದ ಆಡ್ಲಿ? ಹಗ್ಗ ಬಿಚ್ಚಿ ಮಾಳಿಗೆ ಮೇಲೆ ಕಟ್ಟಿಕೊಂಡೆ.

ಕೆಲಸ ಶುರುವಾಯ್ತು. ಇಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪ್ಲಗ್ಗು ಬಿಚ್ಚಿ ಎಂಟು ತೂತಿಗೂ ಎಣ್ಣೆ ಸುರಿದು, ದಿನಾ ಬೆಳಿಗ್ಗೆ ಉದ್ದನೆ ಪಾನಾ ಹಾಕಿ ಒಂದು ಕೂದಲೆಳೆಯಷ್ಟಾದ್ರೂ ತಿರುಗುತ್ತಾ ಅಂತ ನೋಡೋದು. ನಲವತ್ತೊಂದನೇ ದಿನ ತಿರುಗಿತು. ಅವತ್ತು ಅವನು ಬಂದು ಅಡುಗೆಮನೆಯಲ್ಲಿ ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದ, ನನ್ನ ಬಿಳಿ ರವಿಕೆ ಮೇಲೆ ಹತ್ತು ಬೆರಳಿನ ಗುರುತು ಇನ್ನೂ ಹೋಗಿಲ್ಲ. ಇಲಿ ತಿಂದ ವೈರೆಲ್ಲ ಕಿತ್ತು ಹೊಸದು ಹಾಕಿದ. ಕಾರ್ಬೊರೇಟರ್ ಬಿಚ್ಚಿ ನನ್ನ ಒಳ್ಳೇ ಪಾತ್ರೆಯಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿದ. ಆ ಪಾತ್ರೆ ಈಗ ಅವನದೇ. ಟಿಂಕರ್ ಕೆಲಸದವನೊಬ್ಬ ಬಂದು ತುಕ್ಕು ಹಿಡಿದ ತಗಡು ಕತ್ತರಿಸಿ ಬೆಸುಗೆ ಹಾಕಿ ಹೋದ. ಸೀಟಿನ ಹೊದಿಕೆ ನಾನೇ ಹೊಲಿದೆ, ನನ್ನ ಮಿಷಿನ್ನಿನ ನಾಲ್ಕು ಸೂಜಿ ಮುರೀತು.

ಪಕ್ಕದ ಮನೆಯವರು ಮೂವತ್ತು ವರ್ಷ ಬಸ್ಸು ಓಡಿಸಿ ರಿಟೈರಾದವರು, ನಾವು ಡ್ರೈವರಣ್ಣ ಅಂತೀವಿ. ಅವರು ದಿನಾ ಕಾಂಪೌಂಡಿನ ಮೇಲೆ ಗದ್ದ ಇಟ್ಟು ನಿಂತು ಬಿಟ್ಟಿ ಸಲಹೆ ಕೊಡೋರು. ಬೋಲ್ಟು ತಿರುಗಿಸೋದು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ರು.

ಹನ್ನೊಂದನೇ ತಿಂಗಳಿಗೆ ವೈರ್ ಹಾಕೋ ದಿನ ಬಂತು. ಎಂಟು ಪ್ಲಗ್ಗಿಗೂ ಕಿಡಿ ಹಂಚೋಕೆ ಒಂದು ಡಬ್ಬಿ ಇರುತ್ತೆ, ಅದರ ತಲೆ ಮೇಲೆ ಎಂಟು ತೂತು. ಯಾವ ಸಿಲಿಂಡರಿಗೆ ಯಾವಾಗ ಕಿಡಿ ಹೋಗ್ಬೇಕು ಅಂತ ಒಂದು ಸರದಿ ಇದೆ, ವೈರನ್ನ ಆ ಸರದಿ ಪ್ರಕಾರವೇ ತೂತಿಗೆ ಹಾಕ್ಬೇಕು. ತೂತಿಗೆ ವೈರು ಸಿಕ್ಕಿಸೋದು ಅಂದ್ರೆ ಅದು ನಮ್ಮ ಎಕ್ಸ್‌ಚೇಂಜ್ ಕೆಲಸನೇ ಆಯ್ತಲ್ಲ, ನನಗೆ ಭಾರೀ ಹುಮ್ಮಸ್ಸು ಬಂತು. ಒಂದೊಂದು ವೈರಿಗೂ ನಾನೇ ಬಿಳಿ ಬಣ್ಣದಲ್ಲಿ ನಂಬರ್ ಬರೆದೆ. ಕಾರಿನ ಹಳೇ ಪುಸ್ತಕ ಹಿಡ್ಕೊಂಡು ಸ್ಟೂಲ್ ಮೇಲೆ ಕೂತೆ. ಅವನು ಮಡ್‌ಗಾರ್ಡಿನ ಮೇಲೆ ಎದೆಯೂರಿ, ತಲೆ ಪೂರ್ತಿ ಇಂಜಿನ್ನಿನ ಒಳಗಿಟ್ಟು ಮಲಗಿದ. ನಾನು ಓದೋದು, ಅವನು ಸಿಕ್ಕಿಸಿ “ಹಾಕ್ದೆ, ಮುಂದೆ” ಅನ್ನೋದು.

“ಒಂದು.”

“ಹಾಕ್ದೆ, ಮುಂದೆ.”

“ಎಂಟು.” “ನಾಲ್ಕು.” “ಮೂರು.” ಎಲ್ಲಾ ಸಲೀಸಾಗಿ ನಡೀತು. ಅಷ್ಟರಲ್ಲಿ ಕಿಟಕಿ ಮೇಲೆ ಇಟ್ಟಿದ್ದ ಅವನ ಕಾಫಿ ಮೇಲೆ ಕೆನೆ ಕಟ್ಟಿದ್ದು ಕಣ್ಣಿಗೆ ಬಿತ್ತು. ಕುಡಿದು ಮುಂದುವರಿಸ್ಲಿ ಅಂತ, “ಏಳು, ಆರುತ್ತೆ” ಅಂದೆ. ಅವನು ಏಳಲಿಲ್ಲ. ಒಳಗೇ ಏನೋ ತಿರುಚಾಡಿ, “ಹಾಕ್ದೆ, ಮುಂದೆ” ಅಂದ. ಕೆಲಸದಲ್ಲಿ ಮುಳುಗಿದ್ದಾನೆ, ಕಾಫಿ ಹಾಳಾಗಿ ಹೋಗ್ಲಿ ಅಂತ ನಾನು ಪುಸ್ತಕ ನೋಡಿ “ಆರು” ಅಂದೆ.

“ಅದು ಹಾಕಿದೀನಲ್ಲ, ಮುಂದೆ ಹೇಳು.”

ನನ್ನ ಬಾಯಿಗಿಂತ ಇವನ ಕೈ ಮುಂದಿದೆಯಲ್ಲ ಅಂದ್ಕೊಂಡು “ಐದು” ಅಂದೆ. ಹಾಕಿದ. “ಏಳು” ಅಂದೆ. ಅವನು ತಲೆ ಎತ್ತದೆ ರೇಗಿದ. “ಅದೂ ಹಾಕಿದೀನಿ ಅಕ್ಕ. ಕಿವುಡ ಅಂತ ಒಂದೊಂದನ್ನೂ ಎರಡೆರಡು ಸಲ ಹೇಳ್ಬೇಡ.” ಆ ಮಾತು ನನಗೆ ಚುರ್ ಅಂತು. ಬಾಯಿ ಮುಚ್ಕೊಂಡು “ಎರಡು” ಅಂದೆ. ಅಲ್ಲಿಗೆ ಎಂಟೂ ಮುಗೀತು. ಎಂಟು ತೂತು, ಎಂಟು ವೈರು, ಒಂದೂ ಉಳಿದಿರಲಿಲ್ಲ.

ಸ್ಟಾರ್ಟ್ ಮಾಡೋ ದಿನ ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ರು. ನನ್ನ ತಮ್ಮ ಸ್ಕ್ರೂಡ್ರೈವರನ್ನ ಎಡಗಿವಿಗೆ ಹಿಡಿದು ಬಾಗಿ ನಿಂತ. ನಾನು ಸೀಟಿನಲ್ಲಿ ಕೂತು ಬೀಗದ ಕೈ ತಿರುಗಿಸಿದೆ. ಮೊಸಳೆ ನಾಲ್ಕು ಸಲ ಕೆಮ್ಮಿತು, ಮೈಯೆಲ್ಲ ನಡುಗಿಸಿತು, ಆಮೇಲೆ ಢಂ ಅಂತ ಸಿಡಿದು ಮೂತಿಯಿಂದ ಬೆಂಕಿ ಕಾರಿ ಸತ್ತುಹೋಯ್ತು. ತಮ್ಮನ ಅರ್ಧ ಮೀಸೆ ಇರಲಿಲ್ಲ. ಡ್ರೈವರಣ್ಣನ ಇಸ್ತ್ರಿ ಅಂಗಿ ಕಾಂಪೌಂಡಿನ ಆ ಕಡೆ ಇತ್ತು, ಅವರು ಅದರೊಳಗೇ ಇದ್ರು.

“ಕಾರ್ಬೊರೇಟರ್,” ಅಂದ್ರು ಅವರು ಅಲ್ಲಿಂದಲೇ.

ಕಾರ್ಬೊರೇಟರ್ ಮೂರು ಸಲ ಬಿಚ್ಚಿದ. ಮತ್ತೆ ಢಂ. ಪೆಟ್ರೋಲ್ ಪಂಪ್ ಬದಲಾಯಿಸಿದ. ಢಂ. ವಾಲ್ವು ಕೂತಿಲ್ಲ ಅಂತ ಇಂಜಿನ್ನಿನ ತಲೆನೇ ಬಿಚ್ಚಿ, ಉಜ್ಜಿ, ವಾಪಸ್ ಕೂರಿಸೋಕೆ ಮೂರು ವಾರ ಹಿಡೀತು. ಪ್ಲಗ್ಗಿನ ಕಡೆ ವೈರು ಕಿತ್ತ, ನಂಬರ್ ನೋಡಿ ಮತ್ತೆ ಅದದೇ ಪ್ಲಗ್ಗಿಗೆ ಹಾಕಿದ. ಡಬ್ಬಿಯ ತಲೆ ಮಾತ್ರ ಮುಟ್ಟಲಿಲ್ಲ. ಒಂದಿನ ಡ್ರೈವರಣ್ಣ, “ಅಕ್ಕಾವ್ರೇ, ವೈರಿನ ಸರದಿ ಇನ್ನೊಂದ್ಸಲ ನೋಡಿದ್ರೆ ಹೇಗೆ?” ಅಂದ್ರು. ನನಗೆ ಪಿತ್ತ ನೆತ್ತಿಗೇರಿತು.

“ಮೂವತ್ಮೂರು ವರ್ಷ, ಡ್ರೈವರಣ್ಣ. ದಿನಕ್ಕೆ ಎಷ್ಟು ಸಾವಿರ ನಂಬರ್ ಹೇಳಿದೀನಿ ಗೊತ್ತಾ? ನೀವು ಒಂದೇ ರೂಟಿನಲ್ಲಿ ಮೂವತ್ತು ವರ್ಷ ಓಡಿಸಿ ಎರಡು ಸಲ ದಾರಿ ತಪ್ಪಿದೀರಿ, ನಿಮ್ಮ ಮನೆಯವರೇ ಹೇಳಿದ್ರು.”

ತಮ್ಮನೂ ಕೈ ಅಲ್ಲಾಡಿಸಿಬಿಟ್ಟ. “ಅದನ್ನ ನೋಡೋದೇ ಬೇಡ. ಅದು ಅಕ್ಕ ಹೇಳಿರೋದು.” ಪಾಪ, ಡ್ರೈವರಣ್ಣ ಎರಡು ದಿನ ಕಾಂಪೌಂಡಿನ ಹತ್ರ ಸುಳೀಲಿಲ್ಲ. ಅಷ್ಟೂ ತಿಂಗಳಲ್ಲಿ ಅವರು ಕೊಟ್ಟ ಒಂದೇ ಸರಿಯಾದ ಸಲಹೆ ಅದು.

ಈ ನಡುವೆ ಡಾಕ್ಟರಮ್ಮ ಮತ್ತೆ ಗೆರೆ ಎಳೆದ್ರು. ಎಡಗಿವಿಯ ಗೆರೆ ನಾನು ನೋಡೋಕೆ ಆಗದಷ್ಟು ಕೆಳಗೆ ಬಂದಿತ್ತು. “ಬೇಗ ಇಳೀತಿದೆ. ತಿಂಗಳುಗಳ ಲೆಕ್ಕ,” ಅಂದ್ರು. ಮನೆಗೆ ಬಂದ ಮೇಲೆ ಅವನು ಶೆಡ್ಡಿಗೆ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಮೂರನೇ ದಿನ ಊಟಕ್ಕೆ ಕೂತಾಗ, “ಮೊಸಳೆನ ಗುಜರಿಗೆ ಕೊಟ್ಟುಬಿಡೋಣ ಅಕ್ಕ” ಅಂದ. “ಇಂಜಿನ್ನಿನ ತಪ್ಪಲ್ಲ ಅದು. ನನ್ನ ಕಿವಿ ಸುಳ್ಳು ಹೇಳ್ತಿದೆ. ರೋಗ ಎಲ್ಲಿದೆ ಅಂತ ಗೊತ್ತೇ ಆಗ್ತಿಲ್ಲ. ಇನ್ನು ನಾನೆಂಥ ಡಾಕ್ಟ್ರು.”

ನನಗೆ ನಿಜವಾಗ್ಲೂ ಹೆದರಿಕೆಯಾಯ್ತು. ಅವನು ಕೆಲಸ ಬಿಟ್ಟಿದ್ದಕ್ಕಲ್ಲ. ಹದಿಮೂರು ತಿಂಗಳಿಂದ ಸ್ನಾನಕ್ಕೆ ಹೋದ್ರೂ, ತರಕಾರಿ ಹೆಚ್ಚಿದ್ರೂ ಬಾಯಲ್ಲಿ ಗುಡು ಗುಡು ಅಂತಿದ್ದವನು ಅದನ್ನೂ ನಿಲ್ಲಿಸಿದ್ದ. ಮನೆ ಬಿಕೋ ಅಂತಿತ್ತು. ಬೈದು ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ.

ಹೀಗೇ ಒಂದು ವಾರ ಕಳೀತು. ಒಂದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಅವನು ವರಾಂಡದ ಕುರ್ಚಿಯಲ್ಲಿ ಎಡಗಿವಿ ಮೇಲೆ ಮಾಡ್ಕೊಂಡು ನಿದ್ದೆ ಹೋಗಿದ್ದ. ನಾನು ಕಾಫಿ ತಂದು ಕಿವಿ ಹತ್ರ ಬಗ್ಗಿ ಜೋರಾಗಿ ಅಂದೆ, “ಏಳು, ಆರುತ್ತೆ.”

ಅವನು ಕಣ್ಣು ತೆರೀಲಿಲ್ಲ. ನಿದ್ದೆಯಲ್ಲೇ, “ಹಾಕ್ದೆ, ಮುಂದೆ” ಅಂದ.

ಏನು ಹಾಕಿದ ಇವನು? ನಾನು ಲೋಟ ಹಿಡ್ಕೊಂಡೇ ನಿಂತೆ. ಒಂದು ನಿಮಿಷ ಏನೂ ಹೊಳೀಲಿಲ್ಲ. ಆಮೇಲೆ ನಾನು ಹೇಳಿದ್ದನ್ನ ಅವನ ಕಿವಿಯಲ್ಲಿ ಕೇಳಿಸ್ಕೊಂಡು ನೋಡಿದೆ. ಮಾತಿನ ತಲೆ ಕೇಳ್ಸುತ್ತೆ, ಬಾಲ ಕೇಳ್ಸೋದಿಲ್ಲ ಅಂದಿದ್ರಲ್ಲ ಡಾಕ್ಟರಮ್ಮ. ‘ಆರುತ್ತೆ’ಯ ಬಾಲ ಕತ್ತರಿಸಿದ್ರೆ ಉಳಿಯೋದೇನು? ಏಳು, ಆರು. ಲೋಟ ಅಲ್ಲೇ ನೆಲಕ್ಕಿಟ್ಟೆ.

ಶೆಡ್ಡಿಗೆ ಓಡಿದೆ. ಮುಚ್ಚಳ ಎತ್ತಿ, ಪುಸ್ತಕ ತೆಗೆದು, ಡಬ್ಬಿಯ ಮೇಲೆ ಬೆರಳಿಟ್ಟು ನನ್ನದೇ ಕೈಬರಹದ ನಂಬರ್ ಓದ್ತಾ ಹೋದೆ. ಒಂದು, ಎಂಟು, ನಾಲ್ಕು, ಮೂರು. ಇಲ್ಲಿವರೆಗೂ ಸರಿ. ಮುಂದೆ ಏಳು, ಆರು, ಐದು, ಎರಡು. ಪುಸ್ತಕದಲ್ಲಿ ಇರೋದು ಆರು, ಐದು, ಏಳು, ಎರಡು. ನಾನು ಕಾಫಿಗೆ ಏಳು ಅಂದಿದ್ದು, ಅವನು ಏಳನೇ ವೈರು ಹಾಕಿದ. ಆರುತ್ತೆ ಅಂದಿದ್ದು, ಆರನೇದು ಹಾಕಿದ. ಮುಂದೆ ನಾನು ನಿಜವಾದ ಆರು, ನಿಜವಾದ ಏಳು ಹೇಳಿದಾಗ, ಕಿವುಡ ಅಂತ ಎರಡು ಸಲ ಹೇಳ್ತಿದ್ದಾಳೆ ಅಂದ್ಕೊಂಡ. ಹಾಳಾದ್ದು ಆ ‘ಓ’ ಒಂದು ಇದ್ದಿದ್ರೆ, ‘ಏಳೋ’ ಅಂದಿದ್ರೆ, ಯಾವ ಕಿವುಡನೂ ಅದನ್ನ ನಂಬರ್ ಅಂದ್ಕೊಳ್ತಿರಲಿಲ್ಲ. ಮರ್ಯಾದೆ ಕೊಡೋಕೆ ಹೋಗಿ ಅವನ ಮೂರು ತಿಂಗಳು ತಿಂದುಹಾಕಿದ್ದೆ.

ಈಗ ನಿಜ ಹೇಳ್ತೀನಿ, ನಾಚಿಕೆ ಏನು ಬಂತು. ಸುತ್ತ ಯಾರೂ ಇರಲಿಲ್ಲ. ಮೂರು ವೈರು ಕಿತ್ತು ಸರಿಯಾದ ತೂತಿಗೆ ಸಿಕ್ಕಿಸೋಕೆ ನನಗೆ ಅರ್ಧ ನಿಮಿಷ ಸಾಕು. ಅಷ್ಟನ್ನ ಮಾಡಿಯೂ ಮಾಡಿದೆ, ನಲವತ್ತು ವರ್ಷದ ಹಿಂದಿನ ಕೈ ಇನ್ನೂ ಮರೆತಿರಲಿಲ್ಲ.

ಕೈ ಒರೆಸ್ಕೊಂಡು ಒಳಗೆ ಹೋಗಿ, “ಸುಮ್ನೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಬಾ” ಅಂದುಬಿಟ್ರೆ ಆಯ್ತು. ಮೊಸಳೆ ಶುರುವಾಗುತ್ತೆ, ಎಲ್ಲರಿಗೂ ಖುಷಿ, ನನ್ನ ಮೂವತ್ಮೂರು ವರ್ಷಕ್ಕೂ ಮಸಿ ಹತ್ತೋದಿಲ್ಲ. ಹಾಗೇ ಮಾಡೋಣ ಅಂತ ವರಾಂಡದವರೆಗೂ ಬಂದೆ. ಅಲ್ಲಿ ಅವನು ಕುರ್ಚಿಯಲ್ಲಿ, ಢಂ ಅಂದಾಗಲೆಲ್ಲ ಮತ್ತೆ ಸುಟ್ಟ ಅರ್ಧ ಮೀಸೆ ಇಟ್ಕೊಂಡು ಬಾಯಿ ತೆರೆದು ಮಲಗಿದ್ದ. ತನ್ನ ಕಿವಿನೇ ಸುಳ್ಳು ಹೇಳ್ತಿದೆ ಅಂತ ನಂಬಿದ್ದ. ಅಕ್ಕನ ನಂಬರ್ ಮಾತ್ರ ಸುಳ್ಳಾಗೋಕೆ ಸಾಧ್ಯವಿಲ್ಲ ಅಂತ ನಂಬಿದ್ದ.

ಅಲ್ಲಾಡಿಸಿ ಎಬ್ಬಿಸಿದೆ. ಎಡಗಿವಿಗೆ ಬಾಯಿಟ್ಟು ಬಿಡಿಸಿ ಬಿಡಿಸಿ ಹೇಳಿದೆ. “ನಿನ್ನ ಕಿವಿದೇನೂ ತಪ್ಪಿಲ್ಲ. ಇಂಜಿನ್ನಿಗೆ ಯಾವ ರೋಗವೂ ಇರಲಿಲ್ಲ, ಅದಕ್ಕೇ ನಿನಗೆ ಸಿಗಲಿಲ್ಲ. ತಪ್ಪು ನಂದು. ರಾಂಗ್ ನಂಬರ್ ಕೊಟ್ಟೆ.” ಕಾಫಿ ಕಥೆ ಪೂರ್ತಿ ಹೇಳಿದೆ. ಅವನು ಎರಡು ಸಲ ಹೇಳಿಸಿದ. ಆಮೇಲೆ ನಗೋಕೆ ಶುರು ಮಾಡಿದ. ಕುರ್ಚಿ ಕಿರುಗುಟ್ಟೋ ಹಾಗೆ, ಕಣ್ಣಲ್ಲಿ ನೀರು ಸುರಿಯೋ ಹಾಗೆ ನಕ್ಕ.

“ಅಕ್ಕ, ಅರವತ್ತು ವರ್ಷದಲ್ಲಿ ‘ತಪ್ಪು ನಂದು’ ಅಂತ ನಿನ್ನ ಬಾಯಿಂದ ಕೇಳಿದ್ದು ಇದೇ ಮೊದಲು. ಇದನ್ನ ಕೇಳೋಕಾದ್ರೂ ಕಿವಿ ಉಳೀತಲ್ಲ ಬಿಡು.”

“ಹಲ್ಲು ಕಿಸೀಬೇಡ, ಏಳೋ,” ಅಂದೆ. ‘ಓ’ ಸೇರಿಸಿಯೇ ಅಂದೆ.

ಡ್ರೈವರಣ್ಣನನ್ನ ಕರೆದೆ, ಅವರ ಹತ್ರವೂ ತಪ್ಪಾಯ್ತು ಅಂದೆ. ಒಂದೇ ದಿನ ಎರಡು ಸಲ. ಅವರು ಈ ಸಲ ಕಾಂಪೌಂಡಿನ ಆ ಕಡೆಯೇ ನಿಂತ್ರು. ನಾನು ಸೀಟಿನಲ್ಲಿ ಕೂತೆ. ನನ್ನ ತಮ್ಮ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ ಊರಿ, ಹಿಡಿಯನ್ನ ಎಡಗಿವಿಗೆ ಒತ್ತಿ, ಕಣ್ಣು ಮುಚ್ಚಿ, ಕೈ ಎತ್ತಿದ. ತಿರುಗಿಸಿದೆ. ಒಂದು ಸಲ ಕೆಮ್ಮಿತು. ಆಮೇಲೆ ಸೀಟು ನಡುಗಿತು, ಸ್ಟೇರಿಂಗ್ ನಡುಗಿತು, ಶೆಡ್ಡಿನ ತಗಡು ನಡುಗಿತು.

ಗುಡು ಗುಡು ಗುಡು ಗುಡು.

ಅವನು ಬಾಯಲ್ಲಿ ಮಾಡ್ತಿದ್ದನಲ್ಲ, ಅದೇ ಸದ್ದು. ಹದಿನಾಲ್ಕು ತಿಂಗಳು ಕೇಳಿ ಕೇಳಿ ನನಗೂ ಬಾಯಿಪಾಠ ಆಗಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿದ್ರೆ ಅವನ ಮುಖ ಕಾಣ್ತಿತ್ತು. ಮುಚ್ಚಿದ ಕಣ್ಣಿಂದ ನೀರು ಇಳಿದು ಇದ್ದ ಅರ್ಧ ಮೀಸೆಗೆ ಹೋಗ್ತಿತ್ತು. ತುಂಬ ಹೊತ್ತು ಹಾಗೇ ನಿಂತಿದ್ದ. ನಾನು ಇಳಿದು ಹತ್ರ ಹೋದೆ. ಏನು ಹೇಳ್ತಾನೋ ಅಂತ ಕಾದ್ರೆ, ಡಾಕ್ಟ್ರು ಕಣ್ಣು ಬಿಟ್ಟು, “ಐದನೇದರಲ್ಲಿ ಟ್ಯಾಪೆಟ್ ಸ್ವಲ್ಪ ಸಡಿಲ” ಅಂದ.

ಸಂಜೆ ಸೇತುವೆವರೆಗೂ ಹೋಗಿ ಬಂದ್ವಿ. ಹಿಂದಿನ ಸೀಟಿನಲ್ಲಿ ಡ್ರೈವರಣ್ಣ, ಪ್ರತೀ ತಿರುವಿನಲ್ಲೂ ಇಲ್ಲದ ಬ್ರೇಕ್ ತುಳೀತಾ.

ಆಮೇಲೆ ಒಂಬತ್ತು ತಿಂಗಳು ಅವನಿಗೆ ಅದು ಕೇಳಿಸಿತು. ದಿನಾ ಬೆಳಿಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂರ್ತಿದ್ದ. ಒಂದಿನ ಸ್ಟಾರ್ಟ್ ಮಾಡಿ ಅಡುಗೆಮನೆ ಬಾಗಿಲಿಗೆ ಬಂದು, “ಅಕ್ಕ, ಶುರುವಾಗಿದೆಯಾ?” ಅಂತ ಕೇಳಿದ. ಇಂಜಿನ್ ಸದ್ದಿಗೆ ಶೆಲ್ಫಿನ ತಟ್ಟೆಗಳು ಕುಣೀತಿದ್ವು. ನಾನು ಹೂಂ ಅಂತ ತಲೆ ಆಡಿಸಿದೆ. ಅವನು ವಾಪಸ್ ಹೋಗಿ ಅದರ ಮೂತಿ ಮೇಲೆ ಎರಡೂ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತು, “ಹೌದು, ಶುರುವಾಗಿದೆ” ಅಂತ ತಾನೇ ಹೇಳ್ಕೊಂಡ. ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಅವನು ಅಳಲಿಲ್ಲ. ತನಗೆ ಬೇಕಾಗಿದ್ದು ಸಿಕ್ಕಿತಲ್ಲ ಅಂದ. ಈಗಲೂ ದಿನಾ ಸ್ಟಾರ್ಟ್ ಮಾಡ್ತಾನೆ, ಅಂಗೈಯಲ್ಲಿ ಕೇಳ್ತಾನೆ. ಟ್ಯಾಪೆಟ್ ಸಡಿಲ ಆದ್ರೆ ಅಂಗೈಗೂ ಗೊತ್ತಾಗುತ್ತಂತೆ.

ನನ್ನ ಬೈಗಳು ಮಾತ್ರ ದಂಡ ಆಗಿಹೋಯ್ತು. ಅಭ್ಯಾಸ ತಪ್ಪಬಾರದು ಅಂತ ಬೈತೀನಿ, ಅವನು ನನ್ನ ಬಾಯಿ ನೋಡಿ ನಗ್ತಾನೆ.

ಬೆಳಿಗ್ಗೆ ಈಗ ಕೂಗೋದಿಲ್ಲ. ಕಾಫಿ ತಂದು ಸ್ಟೂಲ್ ಮೇಲಿಟ್ಟು, ಭುಜ ತಟ್ಟಿ, ಅವನು ಕಣ್ಣು ಬಿಟ್ಟ ಮೇಲೆ ಏಳು ಬೆರಳು ತೋರಿಸ್ತೀನಿ. ಆಮೇಲೆ ಆರು. ಅವನು ಎದ್ದು ಕೂತು ಲೋಟ ತಗೊಂಡು, “ಹಾಕ್ದೆ ಅಕ್ಕ, ಮುಂದೆ” ಅಂತಾನೆ.